ಕೆಂಪು ಲೈಟ್ ಹೇಳಿದ್ದು ಅರ್ತ್, ಸುಟ್ಟಿದ್ದು ನ್ಯೂಟ್ರಲ್

ರಾಯಚೂರು, ಮೇ 17, 2025, ಶನಿವಾರ

ಎಲೆಕ್ಟ್ರಿಕ್ ಕಾರಿನ ಹೊಸ ಚಾರ್ಜರ್ ಇವತ್ತು ಗೋಡೆಗೇರಿತು. ಹಳೆಯದು ಯಾಕೆ ಕೈಕೊಟ್ಟಿತು ಅಂತ ಬರೆದಿಡಬೇಕು. ಈ ಬಿಸಿಲಿನಲ್ಲಿ ಇದೇ ಕಾಟ ಇನ್ನೂ ಕೆಲವರಿಗೆ ಇರುತ್ತೆ, ಎಲ್ಲರಿಗೂ ಸಿಗುವ ಉತ್ತರ ಮಾತ್ರ ಒಂದೇ: ಅರ್ತ್ ಒಣಗಿದೆ.

ಏಪ್ರಿಲ್ ಕೊನೆಯಿಂದ ಹೀಗೆ ಆಗುತ್ತಿತ್ತು. ಚಾರ್ಜರ್ ಗನ್ ಕಾರಿಗೆ ಹಾಕಿದರೆ ಚಾರ್ಜಿಂಗ್ ಶುರು. ಸ್ವಲ್ಪ ಹೊತ್ತಿಗೆ ಡಬ್ಬಿಯೊಳಗೆ ಟಕ್ ಅಂತ ರಿಲೇ (ಕರೆಂಟ್ ಕಡಿಯುವ ಸ್ವಿಚ್) ಬಿಡುತ್ತಿತ್ತು, ಕೆಂಪು ಲೈಟ್ ಮಿಣುಕುತ್ತಿತ್ತು. ಕೈಪಿಡಿ ನೋಡಿದರೆ ಅದು ಅರ್ತ್ ಫಾಲ್ಟ್. ಮೊದಲು ಬಂದ ಎಲೆಕ್ಟ್ರಿಷಿಯನ್ನೂ ಅದನ್ನೇ ಹೇಳಿದರು. ಮಾತಿನಲ್ಲಿ ತಪ್ಪೇನಿಲ್ಲ. ನಮ್ಮ ಎರೆಮಣ್ಣು ಮೇ ತಿಂಗಳಲ್ಲಿ ಬಿರುಕು ಬಿಡುತ್ತೆ, ಅರ್ತ್ ಗುಂಡಿಯ ಇದ್ದಿಲು, ಉಪ್ಪು ಒಣಗಿ ಕರೆಂಟ್ ನೆಲಕ್ಕೆ ಇಳಿಯುವ ದಾರಿ ಕಷ್ಟವಾಗುತ್ತೆ. ಗುಂಡಿಗೆ ನೀರು ಸುರಿದೆವು. ನಲ್ಲಿ ನೀರು ಬಾರದ ದಿನ ಕೊಡಗಟ್ಟಲೆ ನೀರು ಮಣ್ಣಿಗೆ ಹಾಕಿದ್ದಕ್ಕೆ ಅವ್ವ ಬೈದರು. ಕೆಂಪು ಲೈಟ್ ಹೋಗಲಿಲ್ಲ.

ಆಗ ಆತ ಹೇಳಿದ್ದು: "ನ್ಯೂಟ್ರಲ್‌ಗೆ ಅರ್ತ್ ಜೋಡಿಸಿಬಿಡ್ತೀನ್ರಿ ಸರ್, ಲೈಟ್ ಬರಂಗೇ ಇಲ್ಲ." ಬೇಡ ಅಂದೆ. ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಲೈಟ್ ಬರಲ್ಲ, ನಿಜ. ಆದರೆ ಎಂದಾದರೂ ಆ ನ್ಯೂಟ್ರಲ್ ವೈರ್ ಹಿಂದೆ ಎಲ್ಲಾದರೂ ಕಡಿದರೆ 230 ವೋಲ್ಟ್ ನೇರವಾಗಿ ಕಾರಿನ ಬಾಡಿಗೆ ಬರುತ್ತೆ. ಬಾಗಿಲು ಮುಟ್ಟಿದವರ ಗತಿ? ಊರಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಸುಮ್ನೆ ಜೋಡಿಸಿದ್ದಾರೋ ಅಂತ ಯೋಚನೆ ಬಂತು.

ಅಡುಗೆಮನೆಯ 15 ಆಂಪಿಯರ್ ಸಾಕೆಟ್‌ಗೆ ಕಾರಿನ ಜೊತೆ ಬಂದ ಸಣ್ಣ ಕೇಬಲ್ ಹಾಕಿದ್ದೇ ದಾರಿ ತೋರಿಸಿತು. ಇಡೀ ರಾತ್ರಿ ನಿಲ್ಲದೆ ಚಾರ್ಜ್ ಆಯಿತು. ಆ ಕೇಬಲ್ಲೂ ಅರ್ತ್ ನೋಡಿಯೇ ಕರೆಂಟ್ ಬಿಡುತ್ತೆ, ಮನೆಗಿರುವುದು ಅದೇ ಒಂದು ಗುಂಡಿ. ಅಂದರೆ ಅರ್ತ್ ಸರಿ ಇದೆ, ಕಾರೂ ಸರಿ ಇದೆ. ನಾವು ಚಾರ್ಜರ್ ಅನ್ನುವ ಗೋಡೆಯ ಡಬ್ಬಿ ನಿಜಕ್ಕೂ ಚಾರ್ಜರ್ ಅಲ್ಲವೇ ಅಲ್ಲ. ಎಸಿಯನ್ನು ಡಿಸಿ ಮಾಡುವ ಯಂತ್ರ ಕಾರಿನೊಳಗಿದೆ. ಡಬ್ಬಿ ಬರೀ ಸ್ವಿಚ್, ಸ್ವಲ್ಪ ಬುದ್ಧಿ ಇರುವ ಸ್ವಿಚ್. ಕೆಟ್ಟಿರುವುದು ಆ ಸ್ವಿಚ್ಚೇ.

ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. 1720 ಮೆಗಾವ್ಯಾಟ್ ನೋಡಿದವರಿಗೆ ನನ್ನ 7 ಕಿಲೋವ್ಯಾಟ್ ಡಬ್ಬಿ ತೋರಿಸಲು ಸಂಕೋಚವೇ ಆಯಿತು. ಅವರು ಮೀಟರ್ ತಂದು ಎರಡು ಕಡೆ ಹಿಡಿದರು. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹತ್ತಿರ ನ್ಯೂಟ್ರಲ್, ಅರ್ತ್ ನಡುವೆ ಚಾರ್ಜಿಂಗ್ ನಡೆಯುವಾಗ 3 ವೋಲ್ಟ್. ಅಲ್ಲಿಂದ ಡಬ್ಬಿಗೆ 12 ಮೀಟರ್, 6 ಸ್ಕ್ವೇರ್ ಎಂಎಂ ತಾಮ್ರದ ವೈರ್. ಅಷ್ಟು ದೂರಕ್ಕೆ 32 ಆಂಪಿಯರ್‌ನಲ್ಲಿ ಇನ್ನೊಂದು ವೋಲ್ಟ್ ಜಾಸ್ತಿ ಆಗಬೇಕು, 4 ಬರಬೇಕು. ಡಬ್ಬಿಯ ಮುಚ್ಚಳ ತೆಗೆದು, ರಬ್ಬರ್ ಗ್ಲೌಸ್ ಹಾಕಿಕೊಂಡು ಹಿಡಿದರೆ 6, 9, 11... 14ಕ್ಕೆ ಬಂದಾಗ ಟಕ್!

"ಅರ್ತ್ ಅಲ್ರಿ, ನ್ಯೂಟ್ರಲ್ ಹೋಗೇತಿ," ಅಂದರು.

ಎಂಸಿಬಿ ಆಫ್ ಮಾಡಿ ನೋಡಿದರೆ ಡಬ್ಬಿಯ ನ್ಯೂಟ್ರಲ್ ಟರ್ಮಿನಲ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ವೈರಿನ ಎಳೆಗಳು ಕಪ್ಪಾಗಿದ್ದವು, ಬೆರಳಲ್ಲಿ ತಿಕ್ಕಿದರೆ ಪುಡಿ. ಫಿಟ್ ಮಾಡಿದವರು ಪಿನ್ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಟೋಪಿ) ಹಾಕದೆ ಬರೀ ಎಳೆಗಳನ್ನು ತುರುಕಿ ಸ್ಕ್ರೂ ಬಿಗಿದಿದ್ದರು. ದಿನಾ ಕಾಯ್ದು ಆರಿ, ಕಾಯ್ದು ಆರಿ ಅದು ಸಡಿಲವಾಗಿತ್ತು. ಹೆಚ್ಚುವರಿ 10 ವೋಲ್ಟ್, 32 ಆಂಪಿಯರ್: ಒಂದು ಸ್ಕ್ರೂ ಕೆಳಗೆ 320 ವ್ಯಾಟ್ ಬಿಸಿ. ಡಬ್ಬಿ ಪಾಪ ತನ್ನೊಳಗೆ ನ್ಯೂಟ್ರಲ್, ಅರ್ತ್ ನಡುವಿನ ವೋಲ್ಟೇಜ್ ಏರಿದ್ದನ್ನು ನೋಡಿ ಅರ್ತ್ ಕೆಟ್ಟಿದೆ ಅಂದುಕೊಂಡಿತ್ತು.

ಆ ಟರ್ಮಿನಲ್ ರಿಲೇ ಇರುವ ಬೋರ್ಡಿಗೇ ಬೆಸುಗೆ ಆಗಿದೆ, ಬೋರ್ಡೂ ಕಂದಿದೆ. ರಿಪೇರಿ ಮಾಡಬಹುದು ಅಂತ ಒಬ್ಬರು ಹೇಳಿದರು. ರಾತ್ರಿಯೆಲ್ಲಾ ಯಾರೂ ನೋಡದ ಜಾಗದಲ್ಲಿ ಓಡುವ ವಸ್ತುವಿಗೆ ಆ ಉಳಿತಾಯ ಬೇಡ ಅನ್ನಿಸಿತು. ಮಾರಿದವರು "ಫಿಟ್ಟಿಂಗ್ ದೋಷ ವಾರಂಟಿಗೆ ಬರಲ್ಲ" ಅಂದರು. ಫಿಟ್ ಮಾಡಿದವರು ಫೋನ್ ಎತ್ತಲಿಲ್ಲ. ಅಲ್ಲಿಗೆ ಆ ಕಥೆ ಮುಗಿಯಿತು.

ಹೊಸದನ್ನು ಪಡುವಣ ಗೋಡೆಗೆ ಹಾಕಿಸಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಆ ಗೋಡೆ ಮುಟ್ಟಲಾಗುವುದಿಲ್ಲ. ಪೋರ್ಟಿಕೋದ ನೆರಳಿಗೆ ತಂದೆವು. ಎಳೆಗಳಿಗೆ ಪಿನ್ ಲಗ್ ಒತ್ತಿಸಿ, ಸ್ಕ್ರೂ ಬಿಗಿದ ಮೇಲೆ ವೈರ್ ಹಿಡಿದು ಜಗ್ಗಿ ನೋಡಿದೆ. ಇದಕ್ಕೇ ಅಂತ ಬೇರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿದೆ. ಟೆಸ್ಟ್ ಬಟನ್ ಒತ್ತಿದ ಕೂಡಲೇ ಬಿತ್ತು. ನನ್ನ ಕಾರಿಗೆ ಎ ಟೈಪ್ ಆರ್‌ಸಿಸಿಬಿ ಸಾಕು, ಯಾಕಂದ್ರೆ ಡಿಸಿ ಸೋರಿಕೆ 6 ಮಿಲಿಆಂಪಿಯರ್ ದಾಟಿದರೆ ಹಿಡಿಯುವ ವ್ಯವಸ್ಥೆ ಈ ಡಬ್ಬಿಯೊಳಗೇ ಇದೆ. ಕೊಳ್ಳುವ ಮುಂಚೆ ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಕೆಲಸ ಮಾಡಿದೆ, ಅಂಗಡಿಯವರಿಗೆ ಇಷ್ಟವಾಗಲಿಲ್ಲ. ಒಳಗಿನ ಪುಟ್ಟ ಸ್ವಿಚ್‌ಗಳನ್ನು ತಿರುಗಿಸಿ 32 ಆಂಪಿಯರ್ ಅನ್ನು 16ಕ್ಕೆ ಇಳಿಸಿದೆ. "7 ಕಿಲೋವ್ಯಾಟ್ ತಗೊಂಡು ಅರ್ಧ ಓಡಿಸ್ತೀರಾ?" ಅಂದರು. ನಾನು ದಿನಾ ಮಾನ್ವಿಗೆ ಹೋಗಿ ಬರುವುದು 90 ಕಿಲೋಮೀಟರ್ ಹತ್ತಿರ, ಬೇಕಾಗುವುದು ಸುಮಾರು 14 ಯೂನಿಟ್. 16 ಆಂಪಿಯರ್‌ನಲ್ಲಿ ನಾಲ್ಕು ಗಂಟೆ ಸಾಕು, ರಾತ್ರಿ ಅದಕ್ಕಿಂತ ಉದ್ದ ಇದೆ ಅಲ್ವಾ? ಬಿಸಿ ಹುಟ್ಟುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟ್ ಅರ್ಧ ಆದರೆ ಪ್ರತಿ ಸ್ಕ್ರೂ ಕೆಳಗಿನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತೆ.

ಸಂಜೆ ಮತ್ತೆ ಮೀಟರ್ ಹಿಡಿದರು: ಡಬ್ಬಿಯೊಳಗೆ 2 ವೋಲ್ಟ್ ಚಿಲ್ಲರೆ. ಗಂಟೆ ಕಳೆದರೂ ಅಷ್ಟೇ. ಮುಂದಿನ ತಿಂಗಳು ಇನ್ನೊಮ್ಮೆ ಮುಚ್ಚಳ ತೆಗೆದು ಸ್ಕ್ರೂ ನೋಡಿ ಅಂದಿದ್ದಾರೆ. ಮನೆಗೆ ಮಂಜೂರಾದ ಲೋಡ್ ಇನ್ನೂ 3 ಕಿಲೋವ್ಯಾಟ್ ಅಂತಲೇ ಬಿಲ್ಲಿನಲ್ಲಿದೆ. ಅದನ್ನು ಹೆಚ್ಚಿಸಲು ಸೋಮವಾರ ಜೆಸ್ಕಾಂ ಆಫೀಸಿಗೆ ಅರ್ಜಿ ಕೊಡಬೇಕು.