ಬಲವಾಗಿ ಹಿಡಿಯುವ ಅಣುವೆಲ್ಲ ಸೆನ್ಸರಿಗೆ ಒದಗುವುದಿಲ್ಲ

ಮಣ್ಣಿನಲ್ಲಿರುವ ಪೊಟ್ಯಾಸಿಯಂ ಮತ್ತು ನೈಟ್ರೇಟನ್ನು ಹೊಲದಲ್ಲೇ ಅಳೆಯುವ ಸೆನ್ಸರಿನ ಪೊರೆಗೆ ಯಾವ ಅಣುವನ್ನು ಬಳಸಬೇಕೆಂದು, ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಸೋಸುವುದು ಕೋಲಾರದಲ್ಲಿ ನನ್ನ ಕೆಲಸ. ಹೊಸದಾಗಿ ಸೇರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಣುಗಳ ಬಂಧಶಕ್ತಿಯನ್ನು ಲೆಕ್ಕ ಹಾಕಿ, ಪಟ್ಟಿ ಮಾಡಿ, ಎಲ್ಲಕ್ಕಿಂತ ಬಲವಾಗಿ ಹಿಡಿಯುವುದನ್ನು ಆರಿಸಿ ತರುತ್ತಾರೆ. ಆ ಪಟ್ಟಿಯನ್ನು ನಾನು ಪಕ್ಕಕ್ಕಿಟ್ಟು, ಹೊಲದ ನೀರಿನಲ್ಲಿ ಇನ್ನೇನೇನು ಕರಗಿದೆ ಎಂದು ಕೇಳುತ್ತೇನೆ.

ಈ ಪ್ರಶ್ನೆಯನ್ನು ನನಗಿಂತ ನೇರವಾಗಿ ಕೇಳಿದವರು ಡ್ರಿಪ್ ಹಾಕಿ ಟೊಮೆಟೊ ಬೆಳೆಯುವ ರೈತರೊಬ್ಬರು. ಮಾದರಿ ಸೆನ್ಸರನ್ನು ತಿರುಗಿಸಿ ನೋಡಿ, "ನಮ್ಮ ಬೋರ್ ನೀರೇ ಉಪ್ಪು ಸಾರ್. ಇದು ಉಪ್ಪನ್ನೂ ಪೊಟ್ಯಾಶ್ ಅಂತ ತೋರ್ಸಿದ್ರೆ ಏನ್ ಮಾಡೋದು?" ಎಂದರು. ಇಡೀ ಸಮಸ್ಯೆ ಈ ಮಾತಿನಲ್ಲೇ ಇದೆ. ಉಪ್ಪಿನಲ್ಲಿರುವ ಸೋಡಿಯಂ ಅಯಾನು (ವಿದ್ಯುದಾವೇಶ ಹೊತ್ತ ಕಣ) ಪೊಟ್ಯಾಸಿಯಂಗಿಂತ ಚಿಕ್ಕದು. ಆದ್ದರಿಂದ ನೀರಿಲ್ಲದ ನಿರ್ವಾತದಲ್ಲಿ ಲೆಕ್ಕ ಹಾಕಿದರೆ ಅನೇಕ ಅಣುಗಳು ಸೋಡಿಯಂ ಅನ್ನೇ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತವೆ. ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ವರದಿ ಮಾಡಿದ, ಉಂಗುರದಾಕಾರದ ಕ್ರೌನ್ ಈಥರ್ ಅಣುಗಳಲ್ಲಿ ಒಂದಾದ 18-ಕ್ರೌನ್-6 ಇದಕ್ಕೆ ಒಳ್ಳೆಯ ಉದಾಹರಣೆ: ನಿರ್ವಾತದಲ್ಲಿ ಅದರ ಒಲವು ಸೋಡಿಯಂ ಕಡೆಗೆ, ನೀರಿನಲ್ಲಿ ಪೊಟ್ಯಾಸಿಯಂ ಕಡೆಗೆ. ಕಾರಣವಿಷ್ಟೇ, ಸೋಡಿಯಂ ತನ್ನ ಸುತ್ತಲಿನ ನೀರನ್ನು ಬಿಟ್ಟು ಬರಲು ಪೊಟ್ಯಾಸಿಯಂಗಿಂತ ಮೋಲ್‌ಗೆ ಸುಮಾರು 70 ಕಿಲೋಜೂಲ್ ಹೆಚ್ಚು ಶಕ್ತಿ ಬೇಕು. ನೀರನ್ನು ಲೆಕ್ಕದಿಂದ ಬಿಟ್ಟರೆ ಉತ್ತರ ತಲೆಕೆಳಗಾಗುತ್ತದೆ.

ನೀರನ್ನು ಸೇರಿಸಿದರೂ ಎಚ್ಚರ ತಪ್ಪುವಂತಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯ್ಕೆಯ ಸಾಮರ್ಥ್ಯ ಹತ್ತು ಪಟ್ಟು ಬದಲಾಗಲು ಮೋಲ್‌ಗೆ 5.7 ಕಿಲೋಜೂಲ್ ವ್ಯತ್ಯಾಸ ಸಾಕು. ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಅಣುವಿನ ಶಕ್ತಿಯನ್ನು ಲೆಕ್ಕ ಹಾಕುವ, ನಾವು ದಿನವೂ ಬಳಸುವ ಡೆನ್ಸಿಟಿ ಫಂಕ್ಷನಲ್ ವಿಧಾನವು ದ್ರಾವಣದಲ್ಲಿರುವ ಅಯಾನುಗಳ ವಿಷಯದಲ್ಲಿ ಇದಕ್ಕಿಂತ ಹೆಚ್ಚು ತಪ್ಪುವುದು ಅಪರೂಪವೇನಲ್ಲ. ಹಾಗಾಗಿ ಒಂದೇ ಒಂದು ಸಂಖ್ಯೆಯನ್ನು ನಂಬುವ ಬದಲು, ಒಂದೇ ಅಣುವಿನಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡನ್ನೂ ಕೂರಿಸಿ, ಒಂದೇ ವಿಧಾನದಲ್ಲಿ ಲೆಕ್ಕ ಹಾಕಿ, ವ್ಯತ್ಯಾಸವನ್ನು ಮಾತ್ರ ನೋಡುತ್ತೇವೆ. ಎರಡಕ್ಕೂ ಸಮಾನವಾದ ದೋಷದಲ್ಲಿ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಹೋಲಿಕೆಗೆ ವ್ಯಾಲಿನೋಮೈಸಿನ್ ಪಕ್ಕದಲ್ಲಿರಲೇಬೇಕು. ಆರು ಕಾರ್ಬೊನಿಲ್ ಆಮ್ಲಜನಕಗಳಿಂದ ಪೊಟ್ಯಾಸಿಯಂ ಅನ್ನು ಸುತ್ತುವರಿಯುವ ಈ ಅಣು, ಸೋಡಿಯಂಗಿಂತ ಅದನ್ನು ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಆರಿಸುತ್ತದೆ ಎಂಬುದು ಪ್ರಯೋಗದಿಂದ ತಿಳಿದಿರುವ ಸಂಗತಿ. ನಮ್ಮ ಲೆಕ್ಕ ಅದನ್ನೇ ಸರಿಯಾಗಿ ತೋರಿಸದಿದ್ದರೆ ಹೊಸ ಅಣುವಿನ ಬಗ್ಗೆ ಅದು ಹೇಳುವುದನ್ನು ಯಾರೂ ಕೇಳಬೇಕಾಗಿಲ್ಲ.

ಹಿಡಿದದ್ದನ್ನು ಬಿಡುವುದೂ ಸೆನ್ಸರಿನ ಕೆಲಸವೇ. ಗ್ರಾಫೀನ್‌ನಂತಹ (ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ) ಮೇಲ್ಮೈಗಳ ಕುರಿತ ಲೇಖನಗಳಲ್ಲಿ ಅಂಟುವ ಶಕ್ತಿ ಹೆಚ್ಚಿದಷ್ಟೂ ಮೆಚ್ಚುಗೆ ಹೆಚ್ಚುವುದನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಅಂಟಿದ ಕಣದ ಕಂಪನದ ದರವನ್ನು ಸೆಕೆಂಡಿಗೆ ಒಂದು ಲಕ್ಷ ಕೋಟಿ ಎಂದಿಟ್ಟುಕೊಂಡು ಸರಳ ಸೂತ್ರದಿಂದ ನೋಡಿದರೆ, 27 ಡಿಗ್ರಿಯಲ್ಲಿ 0.8 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಮಾನ) ಬಲದಿಂದ ಅಂಟಿಕೊಂಡ ಕಣ ಅರ್ಧ ನಿಮಿಷದೊಳಗೆ ಬಿಟ್ಟುಹೋಗುತ್ತದೆ, 1.0 ಎಲೆಕ್ಟ್ರಾನ್ ವೋಲ್ಟ್ ಆದರೆ ಹದಿನೇಳು ಗಂಟೆಗೂ ಹೆಚ್ಚು ಬೇಕು. ಒದ್ದೆ ಮಣ್ಣಿನಲ್ಲಿ ನೀರು ಆ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ಈ ಅಂಕಿಗಳು ಹಾಗೆಯೇ ಅನ್ವಯಿಸುವುದಿಲ್ಲ, ಆದರೆ ಬೆಳಿಗ್ಗೆ ಡ್ರಿಪ್‌ನಲ್ಲಿ 13:0:45 (ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ) ಬಿಟ್ಟವರಿಗೆ ನಾಳೆಯ ಹೊತ್ತಿಗೂ ಇವತ್ತಿನ ಅಳತೆಯನ್ನೇ ತೋರಿಸುವ ಸಾಧನ ಯಾಕೆ ಬೇಕು?

ನೈಟ್ರೇಟ್ ವಿಷಯದಲ್ಲಿ ತೊಡಕು ಕ್ಲೋರೈಡಿನದು, ಮತ್ತು ಅದು ಬೋರ್ ನೀರಿನಿಂದ ಮಾತ್ರ ಬರುವುದಲ್ಲ. ಅಂಗಡಿಯಲ್ಲಿ ಪೊಟ್ಯಾಶ್ ಎಂದು ಕೊಡುವ ಎಂಒಪಿ ಗೊಬ್ಬರವೇ ಪೊಟ್ಯಾಸಿಯಂ ಕ್ಲೋರೈಡ್. ಒಂದು ಪೋಷಕಾಂಶವನ್ನು ಹಾಕಿದಾಗ ಮತ್ತೊಂದರ ಅಳತೆಯನ್ನು ಕೆಡಿಸುವ ಅಯಾನೂ ಜೊತೆಗೇ ಬೀಳುತ್ತದೆ. ಪ್ರಯೋಗಾಲಯದಲ್ಲಿ ಮಣ್ಣಿನಿಂದ ನೈಟ್ರೇಟ್ ತೆಗೆಯಲು ರೂಢಿಯಲ್ಲಿರುವುದು 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವಾದ್ದರಿಂದ, ಅದೇ ಸೋಸಿದ ನೀರಿನಲ್ಲಿ ನಮ್ಮ ಎಲೆಕ್ಟ್ರೋಡ್ ಅದ್ದಿ ಪರೀಕ್ಷಿಸುವುದಕ್ಕೆ ಅರ್ಥವಿಲ್ಲ. ಅಂತಹ ಕಡೆ ಅಲ್ಯೂಮಿನಿಯಂ ಸಲ್ಫೇಟ್ ದ್ರಾವಣ ಬಳಸುತ್ತಾರೆ. ಪ್ರಯೋಗ ಮಾಡುವವರೊಡನೆ ಈ ಮಾತು ಮೊದಲೇ ಆಗಿದ್ದರೆ, ಲೆಕ್ಕದಲ್ಲಿ ನೈಟ್ರೇಟಿನ ಎದುರು ಯಾವ ಅಯಾನನ್ನು ನಿಲ್ಲಿಸಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ಈಗ ನಮ್ಮಲ್ಲಿ ಯಾವ ಅಣುವಿನ ಫೈಲು ತೆರೆಯುವ ಮುನ್ನವೂ ಆ ಊರಿನ ಮಣ್ಣು ಮತ್ತು ನೀರಿನ ಪರೀಕ್ಷಾ ವರದಿ ಮೇಜಿನ ಮೇಲಿರಬೇಕು. ಪಿಎಚ್, ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಅಂಕಣಗಳನ್ನು ವಿದ್ಯಾರ್ಥಿಯೇ ಓದಿ ಹೇಳಬೇಕು. ರಂಜಕವನ್ನು ಸದ್ಯಕ್ಕೆ ಕೈಗೆತ್ತಿಕೊಂಡಿಲ್ಲ. ಪಿಎಚ್ 7.2ರ ಆಸುಪಾಸಿನಲ್ಲಿ ರಂಜಕದ ಅಯಾನಾದ ಫಾಸ್ಫೇಟ್ ಎರಡು ರೂಪಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ, ಎರಡೂ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಆದ್ದರಿಂದ ಪೊಟ್ಯಾಸಿಯಂಗೆ ಹೂಡಿದ ಲೆಕ್ಕದ ಕ್ರಮವನ್ನು ಅದಕ್ಕೆ ಹೊಸದಾಗಿಯೇ ಹೂಡಬೇಕಾಗುತ್ತದೆ.