ಮೊದಲು ಸೂಜಿ, ಉಳಿ, ಮೊಳೆ, ಸ್ಕೆಚ್‌ಬುಕ್ ಆಮೇಲೆ

ಬೆಂಗಳೂರಿನ ಒಂದು ಡಿಸೈನ್ ಕಾಲೇಜಿನಲ್ಲಿ ವರ್ಕ್‌ಶಾಪ್‌ಗಳನ್ನು ಏರ್ಪಡಿಸುವುದು ನನ್ನ ಕೆಲಸ. ಫ್ಯಾಷನ್, ಪ್ರಾಡಕ್ಟ್, ಗ್ರಾಫಿಕ್, ಆ್ಯನಿಮೇಷನ್, ಎಲ್ಲ ವಿಭಾಗದ ಮಕ್ಕಳೂ ಇವುಗಳಿಗೆ ಬರುತ್ತಾರೆ. ಕಲಿಸಲು ಚನ್ನಪಟ್ಟಣ, ಧಾರವಾಡ, ಬೀದರ್ ಕಡೆಯ ಕುಶಲಕರ್ಮಿಗಳು ಬರುತ್ತಾರೆ. ಈ ಕೆಲಸ ಮಾಡುತ್ತಾ ನನಗೆ ಗಟ್ಟಿಯಾದ ಒಂದು ನಂಬಿಕೆ ಇದು: ವರ್ಕ್‌ಶಾಪ್‌ನ ಮೊದಲ ದಿನ ಸ್ಕೆಚ್‌ಬುಕ್ ಬ್ಯಾಗಿನಿಂದ ಹೊರಗೆ ಬರಬಾರದು.

ಡಿಸೈನ್ ಓದುವವರಿಗೆ ಚಿತ್ರ ಬರೆಯಬೇಡಿ ಅಂದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಮೊದಲೇ ಚಿತ್ರ ಬರೆದುಕೊಂಡು ಬಂದ ವಿದ್ಯಾರ್ಥಿ ಏನು ಮಾಡುತ್ತಾನೆ ನೋಡಿ. ಆ ಚಿತ್ರವನ್ನು ಮರದ ಮೇಲೋ ಬಟ್ಟೆಯ ಮೇಲೋ ಹೇಗಾದರೂ ಕೂರಿಸಲು ಹೊರಡುತ್ತಾನೆ. ಅದು ಕೂರುವುದಿಲ್ಲ. ಆಗ ಕುಶಲಕರ್ಮಿ ಪಾಪ ಅಂತ ತಾವೇ ಕೂತು ಮಾಡಿಕೊಡುತ್ತಾರೆ. ವಾರದ ಕೊನೆಗೆ ಒಂದು ಚೆಂದದ ವಸ್ತು ಸಿಗುತ್ತದೆ, ಫೋಟೊ ಆಗುತ್ತದೆ. ಹುಡುಗನ ಕೈಗೆ ಮಾತ್ರ ಏನೂ ಹತ್ತಿರುವುದಿಲ್ಲ.

ಪ್ರತಿ ಕಸುಬಿನ ರೂಪದ ಹಿಂದೆ ಆ ಸಾಮಗ್ರಿಯ ಒಂದು ಹಟ ಇರುತ್ತದೆ. ವಿದ್ಯಾರ್ಥಿಗೆ ಸಿಗಬೇಕಾದ್ದು ಆ ಹಟದ ಪರಿಚಯ. ಧಾರವಾಡ ಕಡೆಯ ಕೈಹೊಲಿಗೆಯಾದ ಕಸೂತಿಯಲ್ಲಿ ಇದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ನನ್ನ ಕೈಯಲ್ಲಿದ್ದರೆ ಎಲ್ಲ ವಿಭಾಗದವರಿಗೂ ಅದನ್ನೇ ಮೊದಲು ಕಲಿಸುತ್ತೇನೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇರುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಹೊಲಿಯಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ನೇರ ಗೆರೆ, ಓರೆ ಗೆರೆಗಳಲ್ಲೇ ಮೂಡುತ್ತವೆ. ನವಿಲಿನ ಕತ್ತು ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಬಾಗುತ್ತದೆ. ಎಳೆಗಳು ಅಡ್ಡ ಮತ್ತು ಉದ್ದ ಮಾತ್ರ ಇವೆಯಲ್ಲ, ಸೂಜಿ ಅವನ್ನು ಬಿಟ್ಟು ಎಲ್ಲಿಗೆ ಹೋಗೋಕಾಗುತ್ತದೆ? ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಅಂತ ಜಾಗ ಬಿಡುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವಂತಿಲ್ಲ. ಮುಗಿದಾಗ ಬಟ್ಟೆಯ ಮುಂದೂ ಹಿಂದೂ ಒಂದೇ ಥರ ಕಾಣಬೇಕು.

ಹೇಳುವುದಕ್ಕೆ ಸುಲಭ. ಕವಲು ಒಡೆಯುವ ಒಂದು ಆಕಾರ ಕೊಟ್ಟು ನೋಡಿ. ಯಾವ ಕವಲಿಗೆ ಮೊದಲು ಹೋಗಬೇಕು, ಎಲ್ಲಿಂದ ತಿರುಗಬೇಕು, ದಾರ ಕೊನೆಗೆ ಶುರುವಾದ ಜಾಗಕ್ಕೆ ಹೇಗೆ ಬರಬೇಕು ಅನ್ನುವುದನ್ನು ಮೊದಲ ಹೊಲಿಗೆಗೇ ತಲೆಯಲ್ಲಿ ಇಟ್ಟುಕೊಂಡಿರಬೇಕು. ಆ್ಯಪ್ ಡಿಸೈನ್ ಕಲಿಯುತ್ತಿರುವ ಮಕ್ಕಳಿಗೆ ಈ ಸಮಸ್ಯೆ ತುಂಬಾ ಹಿಡಿಸುತ್ತದೆ. ಬಳಸುವವರು ಒಂದು ಪರದೆಯಿಂದ ಇನ್ನೊಂದಕ್ಕೆ ಹೇಗೆ ಹೋಗಿ ಹೇಗೆ ವಾಪಸ್ ಬರಬೇಕು ಅಂತ ಅವರು ದಿನವೂ ತಲೆ ಕೆಡಿಸಿಕೊಳ್ಳುವವರು. ಅದಕ್ಕೇ ಅವರನ್ನು ಬೇಕಂತಲೇ ಕಸೂತಿಗೆ ಹಾಕುತ್ತೇನೆ.

ಧಾರವಾಡದಿಂದ ಬರುವ ನಮ್ಮ ಕಸೂತಿ ಅಕ್ಕ ಮೊದಲ ದಿನ ಹೇಳುವುದು ಇಷ್ಟೇ: "ಗೆರಿ ಹಾಕಬ್ಯಾಡ್ರಿ. ಎಳಿ ಎಣಸ್ರಿ." ಒಬ್ಬ ಹುಡುಗ ಒಮ್ಮೆ ದಾರಿ ತಪ್ಪಿ, "ಅಕ್ಕಾ, ಎಲ್ಲಿ ತಪ್ಪಾಯ್ತು ಅಂತಾನೇ ಗೊತ್ತಾಗ್ತಿಲ್ಲ" ಅಂದ. "ತಿರುವಿ ಹಾಕಿ ನೋಡು ತಮ್ಮಾ, ಹಿಂದಿಂದೆಲ್ಲಾ ಅಲ್ಲೇ ಐತಿ" ಅಂದರು. ಬಟ್ಟೆ ತಿರುಗಿಸಿದರೆ ದಾರ ಎಲ್ಲಿ ಅಡ್ಡದಾರಿ ಹಿಡಿದಿದೆ ಅನ್ನುವುದು ಎದ್ದು ಕಾಣುತ್ತಿತ್ತು. ತಪ್ಪು ತೋರಿಸುವ ಕೆಲಸವನ್ನು ಬಟ್ಟೆಯೇ ಮಾಡುವಾಗ ಮೇಷ್ಟ್ರು ಜಾಸ್ತಿ ಮಾತಾಡಬೇಕಾಗಿಲ್ಲ. ಒಂದು ಕಿವಿಮಾತು: ಹೊಸಬರಿಗೆ ಇಳಕಲ್ ಸೀರೆಯಂಥ ಸಣ್ಣ ಎಳೆಯ ಬಟ್ಟೆ ಕೊಡಬೇಡಿ. ಎಳೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆ ಕೊಡಿ. ಕಣ್ಣು ಸೋತರೆ ಎಣಿಕೆ ತಪ್ಪುತ್ತದೆ, ಎಣಿಕೆ ತಪ್ಪಿದರೆ ಮನಸ್ಸು ಹೋಗುತ್ತದೆ.

ಚನ್ನಪಟ್ಟಣದ ಗೊಂಬೆ ಮಾಡುವ ಲೇತ್, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಇನ್ನೊಂದು ಥರದ ಮೇಷ್ಟ್ರು. ಅಲ್ಲಿ ಗ್ರಾಫಿಕ್ ಡಿಸೈನ್ ಮಕ್ಕಳನ್ನು ಕೂರಿಸುತ್ತೇನೆ. ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುತ್ತದೆ, ಉಳಿ ಹಿಡಿದರೆ ಆಕಾರ ಬರುತ್ತದೆ. ಬಣ್ಣಕ್ಕೆ ಬ್ರಷ್ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯಬೇಕು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಒಣ ಎಲೆಯಿಂದ ಉಜ್ಜಿದರೆ ಹೊಳಪು. ತಿರುಗುವ ಮರದ ಮೇಲೆ ಬಣ್ಣ ಬಳೆಯಾಗಿಯೇ ಕೂರುತ್ತದೆ, ಮೇಲಿಂದ ಕೆಳಗೆ ನೇರ ಗೆರೆ ಎಳೆಯುವುದು ಸಾಧ್ಯವೇ ಇಲ್ಲ. ಚನ್ನಪಟ್ಟಣದ ಗೊಂಬೆಗಳು ಯಾಕೆ ಗುಂಡಗಿವೆ, ಯಾಕೆ ಅವುಗಳ ಮೈಮೇಲೆ ಪಟ್ಟೆ ಇವೆ ಅಂತ ಕ್ಲಾಸಿನಲ್ಲಿ ಸ್ಲೈಡ್ ಹಾಕಿ ವಿವರಿಸಬಹುದು. ಅರಗಿನ ಕಡ್ಡಿ ಹಿಡಿದವರಿಗೆ ವಿವರಣೆ ಬೇಕಾಗುವುದಿಲ್ಲ.

ಲೇತ್ ಹತ್ತಿರ ನಾನು ತುಂಬಾ ಕಟ್ಟುನಿಟ್ಟು. ದುಪಟ್ಟಾ ತೆಗೆದಿಡಬೇಕು, ಕೂದಲು ಕಟ್ಟಬೇಕು, ಕೈಯಲ್ಲಿ ಬಳೆ, ದಾರ ಇರಬಾರದು, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಲೇಬೇಕು. ಕೈಗವಸು ಹಾಕಿಕೊಂಡರೆ ಕ್ಷೇಮ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ತಿರುಗುವ ಯಂತ್ರದ ಮುಂದೆ ಅದೇ ಅಪಾಯ, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಒಂದು ಲೇತ್‌ಗೆ ಒಬ್ಬರೇ ನಿಲ್ಲಬೇಕು, ಪಕ್ಕದಲ್ಲಿ ನಿಂತು ವಿಡಿಯೊ ಮಾಡುವವರಿಗೆ ಜಾಗ ಇಲ್ಲ.

ಬಿದ್ರಿ ಅಂದರೆ ಕಪ್ಪು ಲೋಹದ ಮೈಯಲ್ಲಿ ಬೆಳ್ಳಿ ಕೂರಿಸುವ ಬೀದರ್‌ನ ಕಸುಬು. ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕಾಲೇಜಿನಲ್ಲಿ ಮಾಡಿಸುವುದು ಕಷ್ಟ. ಸತು ಮತ್ತು ಸ್ವಲ್ಪ ತಾಮ್ರದ ಎರಕ ಬೀದರ್‌ನಲ್ಲೇ ಆಗಿ ಬರುತ್ತದೆ. ಮಕ್ಕಳು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಕಾಣಲಿ ಅಂತ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಬರುವುದೇ ಎಲ್ಲರೂ ಕಾಯುವ ಗಳಿಗೆ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜತೆ ನೀರಿಗೆ ಹಾಕಿ ಕಾಯಿಸಿ, ಅದರಲ್ಲಿ ವಸ್ತುವನ್ನು ಮುಳುಗಿಸಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದ್ರಿಯ ಕಪ್ಪು ಬಿಳುಪು ಹುಟ್ಟಿದ್ದು ಲೋಹಗಳ ಸ್ವಭಾವದಿಂದ. ಜ್ಯುವೆಲರಿ ವಿಭಾಗದವರಿಗಿಂತ ಫೋಟೊಗ್ರಫಿ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ ಅನ್ನುವುದು ನನ್ನ ಅನುಭವ. ಬೀದರ್‌ನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಕ್ವಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಬಿದ್ರಿಗೆ ಹೆಸರು ಕೊಡುವ ವಿದ್ಯಾರ್ಥಿಗಳೂ ಜಾಸ್ತಿಯಾದರು. ಸಂತೋಷದ ವಿಷಯ.

ಫ್ಯಾಷನ್ ಮಕ್ಕಳನ್ನು ಅಚ್ಚಿನ ಮೊಳೆ, ಅಂದರೆ ಮುದ್ರಣದ ಬಿಡಿ ಅಕ್ಷರ, ಜೋಡಿಸಲು ಕಳಿಸುತ್ತೇನೆ. ಹಳೆ ಪ್ರೆಸ್ಸಿನ ಸೀಸದ ಮೊಳೆಗಳು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತದೆ. ಕನ್ನಡ ಜೋಡಿಸುವುದು ಎಷ್ಟು ಕಷ್ಟ ಅನ್ನುವುದು "ರಾಷ್ಟ್ರ" ಎಂಬ ಒಂದು ಪದದಲ್ಲೇ ಗೊತ್ತಾಗುತ್ತದೆ. ಷಕಾರದ ಕೆಳಗೆ ಟ, ಅದರ ಜತೆಗೆ ರ. ಎರಡು ಒತ್ತುಗಳಿಗೂ ಜಾಗ ಬೇಕು. ಇಂಗ್ಲಿಷ್‌ಗೆ ಇಡುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇವತ್ತು ಎಷ್ಟೋ ಪೋಸ್ಟರ್‌ಗಳಲ್ಲಿ, ಆ್ಯಪ್‌ಗಳಲ್ಲಿ ಇದೇ ಆಗುತ್ತಿದೆ. ಕಂಪ್ಯೂಟರಿನಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಸೀಸದ ಮೊಳೆಗಳು ಹಾಗೆ ಒಂದರ ಮೇಲೊಂದು ಹತ್ತುವುದಿಲ್ಲ, ಜಾಗ ಇಲ್ಲದಿದ್ದರೆ ಇಲ್ಲ, ಅಷ್ಟೇ. 1843ರಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ "ಮಂಗಳೂರ ಸಮಾಚಾರ" ಶುರುವಾಗಿದ್ದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರಹ ಮೂಡಿಸಿ ಅಚ್ಚು ಹಾಕುವ ವಿಧಾನದಲ್ಲಿ. ಕಲ್ಲಿನಿಂದ ಬರುವುದು ಕೈಬರಹದ ಪ್ರತಿ, ಒತ್ತುಗಳಿಗೆ ಬರೆಯುವವರೇ ಜಾಗ ಮಾಡಿಕೊಳ್ಳುತ್ತಾರೆ. ಮೊಳೆಯಲ್ಲಿ ಆ ಜಾಗವನ್ನೂ ಸೀಸದ ಪಟ್ಟಿ ಇಟ್ಟು ಕಟ್ಟಬೇಕು. ಈ ವ್ಯತ್ಯಾಸ ನೋಡಿದ ಮಕ್ಕಳು ಆಮೇಲೆ ಕನ್ನಡ ಫಾಂಟ್ ಆರಿಸುವಾಗ ನಿಜಕ್ಕೂ ಎಚ್ಚರ ವಹಿಸುತ್ತಾರೆ.

ಎರಡನೇ ದಿನ ಮಧ್ಯಾಹ್ನದ ಮೇಲೆ ಸ್ಕೆಚ್‌ಬುಕ್ ತೆಗೆಯಲು ಹೇಳುತ್ತೇನೆ. ಆಗ ಬರುವ ಚಿತ್ರಗಳೇ ಬೇರೆ. ಕಸೂತಿಯವರು ಹಾಳೆಯ ಮೇಲೆ ಚೌಕ ಹಾಕಿಕೊಂಡು ಶುರು ಮಾಡುತ್ತಾರೆ. ಲೇತ್‌ನವರು ನಡುವೆ ಒಂದು ಅಕ್ಷರೇಖೆ ಎಳೆದು ಅರ್ಧ ಆಕಾರ ಮಾತ್ರ ಬರೆಯುತ್ತಾರೆ, ಇನ್ನರ್ಧ ತಿರುಗುವಾಗ ತಾನೇ ಬರುತ್ತದೆ ಅಂತ ಅವರಿಗೆ ಗೊತ್ತಾಗಿರುತ್ತದೆ.

ವರ್ಕ್‌ಶಾಪ್ ಏರ್ಪಡಿಸುವವರು ಇನ್ನೊಂದು ವಿಷಯದ ಬಗ್ಗೆ ಯೋಚಿಸಲೇಬೇಕು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಒಂದೊಂದು ಕಾರ್ಯಾಗಾರಕ್ಕೂ ಇಬ್ಬರು ಗುರುಗಳಿದ್ದರು, ಒಬ್ಬರು ಕಲಾವಿದ, ಇನ್ನೊಬ್ಬರು ಕಸುಬಿನವರು. ನಮ್ಮಲ್ಲೂ ಹಾಗೆ ಜೋಡಿ ಮಾಡುತ್ತೇನೆ. ಆದರೆ ಜೋಡಿ ಅಂದರೆ ಸಂಭಾವನೆಯೂ ಜೋಡಿಯಾಗಿರಬೇಕು. ಹೊರಗಿನಿಂದ ಬರುವ ಪ್ರೊಫೆಸರ್‌ಗೆ ಕೊಡುವ ದರವೇ ಕುಶಲಕರ್ಮಿಗೂ ಸಿಗಬೇಕು. ಪ್ರಯಾಣದ ಖರ್ಚು ಮುಂಚೆಯೇ ಕೈಸೇರಬೇಕು. ಅವರು ಇಲ್ಲಿರುವಷ್ಟು ದಿನ ಅವರ ಊರಿನಲ್ಲಿ ಕೆಲಸ ನಿಂತಿರುತ್ತದೆ, ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು. ಹೆಸರಿನ ಫಲಕದಲ್ಲಿ "ಡೆಮೊ" ಅಂತ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅವರು ತೋರಿಸಿ ಹೋಗಲು ಬಂದವರಲ್ಲ, ಕಲಿಸಲು ಬಂದವರು. ಮೌಲ್ಯಮಾಪನದ ದಿನವೂ ಅವರು ಇರಬೇಕು, ಅಂಕ ಕೊಡುವಾಗ ಅವರ ಮಾತು ನಡೆಯಬೇಕು. ಒಬ್ಬ ಗುರುವಿಗೆ ಎಂಟು ಮಕ್ಕಳಿಗಿಂತ ಜಾಸ್ತಿ ಬೇಡ. ಅದಕ್ಕಿಂತ ಹೆಚ್ಚಾದರೆ ಹಿಂದೆ ಕೂತವರು ಬರೀ ನೋಡುತ್ತಾರೆ.

ಅಂಕಕ್ಕೆ ನಾವು ಮುಗಿದ ವಸ್ತುವನ್ನು ಮಾತ್ರ ನೋಡುವುದಿಲ್ಲ. ಒಂದೇ ಆಕಾರವನ್ನು ಮತ್ತೆ ಮತ್ತೆ ಮಾಡಿದ ಮಾದರಿಗಳನ್ನು ಸಾಲಾಗಿ ಇಡಿಸುತ್ತೇವೆ. ಒಡೆದದ್ದು, ಸಿಪ್ಪೆ ಎದ್ದದ್ದು, ಎಣಿಕೆ ತಪ್ಪಿದ್ದು ಎಲ್ಲವೂ ಮೇಜಿನ ಮೇಲೆ ಇರಬೇಕು. ಸಾಮಗ್ರಿ ನಿಮಗೆ ಏನನ್ನು ಮಾಡಲು ಬಿಡಲಿಲ್ಲ ಅನ್ನುವುದು ನಮ್ಮ ಮೊದಲ ಪ್ರಶ್ನೆ. ಚೆನ್ನಾಗಿ ಕೆಲಸ ಮಾಡಿದವರಿಗೆ ಉತ್ತರ ಹುಡುಕಬೇಕಾಗುವುದಿಲ್ಲ.

ಮುಂದಿನ ಸೆಮಿಸ್ಟರ್‌ಗೆ ಇಳಕಲ್ ನೇಯ್ಗೆಯನ್ನು ಸೇರಿಸಲು ಓಡಾಡುತ್ತಿದ್ದೇನೆ. ಅಲ್ಲಿ ಸೆರಗಿನ ಹಾಸನ್ನು, ಅಂದರೆ ಉದ್ದ ಎಳೆಗಳನ್ನು, ಸೀರೆಯ ಮೈಹಾಸಿಗೆ ಕೊಂಡಿ ಕೊಂಡಿಯಾಗಿ ಕೂಡಿಸುತ್ತಾರೆ, ತೋಪು ತೆನೆ ಅಂತ ಅದಕ್ಕೆ ಹೆಸರು. ಈ ಕೆಲಸ ನಡೆಯುವುದೇ ಮಗ್ಗದ ಮೇಲೆ, ಅದನ್ನು ಬೆಂಗಳೂರಿಗೆ ತರಿಸಿ ತೋರಿಸುವ ಯೋಚನೆ ನನಗಿಲ್ಲ. ಮಕ್ಕಳೇ ಅಲ್ಲಿಗೆ ಹೋಗಬೇಕು, ನೇಕಾರರ ಮನೆಯ ಹತ್ತಿರವೇ ಉಳಿಯಬೇಕು. ಪ್ರಾಡಕ್ಟ್ ಡಿಸೈನ್ ವಿಭಾಗದವರನ್ನು ಮೊದಲು ಕಳಿಸಬೇಕು ಅಂತಿದ್ದೇನೆ. ಎರಡು ಭಾಗಗಳನ್ನು ಜೋಡಿಸಬೇಕು ಅಂದರೆ ಅವರಿಗೆ ಸ್ಕ್ರೂ ಮತ್ತು ಅಂಟು ಬಿಟ್ಟು ಬೇರೆ ನೆನಪಾಗುವುದಿಲ್ಲ.