ಬರಿದಾದ ಬಲಿಪೀಠದ ಎದುರು

ಈಸ್ಟರ್‌ಗೆ ಮುನ್ನ ಬರುವ ಪವಿತ್ರ ಗುರುವಾರದ ಸಂಜೆ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿಯುತ್ತಿದ್ದಂತೆ ಗುರುಗಳು (ಪಾದ್ರಿಗಳು) ಪರಮಪ್ರಸಾದದ, ಅಂದರೆ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ, ಪಾತ್ರೆಯನ್ನು ಹೆಗಲ ಮೇಲಿನ ವಸ್ತ್ರದ ಅಂಚಿನಿಂದ ಮುಚ್ಚಿ ಹಿಡಿದು, ಧೂಪದ ಹೊಗೆಯ ನಡುವೆ ಪಕ್ಕದಲ್ಲಿ ಸಿಂಗರಿಸಿಟ್ಟ ಪೀಠಕ್ಕೆ ಮೆರವಣಿಗೆಯಲ್ಲಿ ಕೊಂಡೊಯ್ಯುತ್ತಾರೆ. ಆಮೇಲೆ ದೊಡ್ಡ ಬಲಿಪೀಠದ ಬಟ್ಟೆಯನ್ನೂ ಮೇಣದ ಬತ್ತಿಗಳನ್ನೂ ಸದ್ದಿಲ್ಲದೆ ತೆಗೆದುಬಿಡುತ್ತಾರೆ. ವರ್ಷವಿಡೀ ಎದುರಿಗೆ ಮುಖಮಾಡಿ ಕುಳಿತ ನಾವೆಲ್ಲ ಆ ರಾತ್ರಿ ಬೆಂಚು ಬಿಟ್ಟೆದ್ದು ಪಕ್ಕದ ಮೂಲೆಗೆ ತಿರುಗಿ ನೆಲದ ಮೇಲೆ ಮೊಣಕಾಲೂರುತ್ತೇವೆ. ಖಾಲಿ ಬೆಂಚುಗಳು ಮಾತ್ರ ಬರಿದಾದ ಕಲ್ಲಿನ ಕಡೆಗೇ ನೋಡುತ್ತಿರುತ್ತವೆ. ದೇವಾಲಯದಲ್ಲಿ ನಾವು ಎಲ್ಲಿ, ಯಾವ ದಿಕ್ಕಿಗೆ ಕೂರುತ್ತೇವೆ ಎಂಬುದು ಪ್ರಾರ್ಥನೆಯ ಹೊರಗಿನ ವ್ಯವಸ್ಥೆಯೆಂದು ನಾನು ತಿಳಿದಿದ್ದೆ. ಅದೂ ಪ್ರಾರ್ಥನೆಯ ಭಾಗವೇ ಎಂದು ಮೊದಲು ಅನ್ನಿಸಿದ್ದು ಇಂಥದೊಂದು ರಾತ್ರಿಯಲ್ಲಿ.

ಮೈಸೂರಿನ ಸಂತ ಫಿಲೋಮಿನಾ ದೇವಾಲಯವನ್ನು ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಈ ಕಟ್ಟಡದ ತಳವಿನ್ಯಾಸವೇ ಶಿಲುಬೆ. ಶಿಲುಬೆಯ ಉದ್ದನೆಯ ಭಾಗದಲ್ಲಿ ಸಾಲು ಸಾಲಾಗಿ ಜನ, ತಲೆಯ ಕಡೆಗೆ ಬಲಿಪೀಠ. ಬಾಗಿಲಲ್ಲಿ ನಿಂತವನ ಕಣ್ಣು ತಾನಾಗಿ ಮುಂದಕ್ಕೂ ಮೇಲಕ್ಕೂ ಸಾಗುತ್ತದೆ. ಅದನ್ನು ಕಟ್ಟಿದ ಕಾಲದಲ್ಲಿ ಗುರುಗಳು ಜನರು ನೋಡುವ ದಿಕ್ಕಿಗೇ ಮುಖಮಾಡಿ ಲ್ಯಾಟಿನ್ ಭಾಷೆಯಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಇದನ್ನು ‘ಜನರಿಗೆ ಬೆನ್ನು ಹಾಕುವುದು’ ಎಂದು ಇಂದು ಹಗುರವಾಗಿ ಹೇಳಿಬಿಡುವುದು ನನಗೆ ಒಪ್ಪಿಗೆಯಾಗದು. ಮುಂದೆ ನಡೆಯುವವನ ಹಿಂದೆ ಊರೆಲ್ಲ ಒಂದೇ ಕಡೆ ಹೊರಟ ಯಾತ್ರೆಯಂತೆ, ಬರಲಿರುವ ಪ್ರಭುವನ್ನು ಎಲ್ಲರೂ ಒಟ್ಟಾಗಿ ಎದುರು ನೋಡುವ ಭಾವ ಅದರಲ್ಲಿತ್ತು.

ಕಥೋಲಿಕ ಧರ್ಮಸಭೆಯ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ಸಂವಿಧಾನವೆಂಬ ತನ್ನ ದಾಖಲೆಯಲ್ಲಿ ವಿಶ್ವಾಸಿಗಳು ಮೂಕ ಪ್ರೇಕ್ಷಕರಾಗಿರದೆ ಪೂರ್ಣಮನಸ್ಸಿನಿಂದ ಪಾಲ್ಗೊಳ್ಳಬೇಕೆಂದಿತು. ಮರುವರ್ಷ ರೋಮ್ ಹೊರಡಿಸಿದ ಸೂಚನೆಯು, ಸುತ್ತ ನಡೆದಾಡಲು ಮತ್ತು ಜನರಿಗೆ ಅಭಿಮುಖವಾಗಿ ಪೂಜೆ ಅರ್ಪಿಸಲು ಅನುವಾಗುವಂತೆ ಬಲಿಪೀಠವು ಗೋಡೆಯಿಂದ ಬಿಡಿಯಾಗಿದ್ದರೆ ಒಳ್ಳೆಯದೆಂದು ತಿಳಿಸಿತು. ಹಾಗಾಗಿಯೇ ಅನೇಕ ಹಳೆಯ ಚರ್ಚುಗಳಲ್ಲಿ ಇಂದು ಎರಡು ಪೀಠಗಳನ್ನು ಕಾಣುತ್ತೇವೆ: ಹಿಂದೆ ಗೋಡೆಗೆ ಅಂಟಿಕೊಂಡ, ಕೆತ್ತನೆಯ ಎತ್ತರದ ಪೀಠ; ಮುಂದೆ ಸರಳವಾದ ಮೇಜು. ಮೊದಲನೆಯದು ಯೇಸು ಶಿಲುಬೆಗೇರಿದ ಕಲ್ವಾರಿ ಬೆಟ್ಟವನ್ನು ನೆನಪಿಸಿದರೆ ಎರಡನೆಯದು ಅದರ ಹಿಂದಿನ ರಾತ್ರಿ ಆತ ಶಿಷ್ಯರೊಡನೆ ಉಂಡ ಕಡೆಯ ಭೋಜನವನ್ನು ನೆನಪಿಸುತ್ತದೆ. ಬಲಿಪೂಜೆ ಇವೆರಡೂ ಆಗಿರುವುದರಿಂದ ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ. ರೋಮಿನ ಸಂತ ಪೇತ್ರರ ಮಹಾದೇವಾಲಯದ ಬಾಗಿಲು ಪೂರ್ವಕ್ಕಿರುವುದರಿಂದ ಅಲ್ಲಿನ ಮುಖ್ಯ ಪೀಠದಲ್ಲಿ ಪೋಪ್ ಜಗದ್ಗುರುಗಳು ಪ್ರಾರ್ಥನೆಯ ಸಾಂಪ್ರದಾಯಿಕ ದಿಕ್ಕಾದ ಪೂರ್ವಕ್ಕೂ ಜನರಿಗೂ ಒಮ್ಮೆಗೇ ಅಭಿಮುಖರಾಗುತ್ತಾರೆ ಎಂಬುದನ್ನು ವಾದಕ್ಕಿಳಿಯುವವರು ಮರೆಯುತ್ತಾರೆ. ಇನ್ನು 1967ರಲ್ಲಿ ಪ್ರತಿಷ್ಠೆಗೊಂಡ ಇಂಗ್ಲೆಂಡಿನ ಲಿವರ್‌ಪೂಲ್ ಪ್ರಧಾನಾಲಯದಂತೆ ವೃತ್ತದ ನಡುವೆ ಪೀಠವಿಟ್ಟರೆ ವಿಶ್ವಾಸಿಗಳು ಒಬ್ಬರ ಮುಖವನ್ನೊಬ್ಬರು ಕಾಣುತ್ತಾರೆ, ನಿಜ; ಆದರೆ ಅಲ್ಲಿಯೂ ಗುರುಗಳ ಬೆನ್ನು ಯಾರ ಕಡೆಗಾದರೂ ಇರಲೇಬೇಕಲ್ಲ!

ನನಗೆ ಪೀಠಕ್ಕಿಂತ ಬೆಂಚಿನದೇ ಹೆಚ್ಚಿನ ಚಿಂತೆ. ನನ್ನ ಅಜ್ಜಿಯ ಊರಿನ ಪುಟ್ಟ ಚರ್ಚಿನಲ್ಲಿ ಬೆಂಚುಗಳಿರಲಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು, ಹೆಂಗಸರು ಒಂದು ಬದಿಗೆ, ಗಂಡಸರು ಇನ್ನೊಂದು ಬದಿಗೆ ಚಾಪೆಯ ಮೇಲೆ ಕೂರುತ್ತಿದ್ದರು. ತಡವಾಗಿ ಬಂದವರಿಗೆ ಉಳಿದವರು ಸರಿದು ಜಾಗ ಕೊಡುತ್ತಿದ್ದರು, ಮಕ್ಕಳು ತೆವಳುತ್ತ ಪೀಠದ ಮೆಟ್ಟಿಲವರೆಗೂ ಹೋಗಿಬಿಡುತ್ತಿದ್ದರು. ನೆಲದ ಮೇಲೆ ಕುಳಿತು ಆರಾಧಿಸಲು, ಪಾದರಕ್ಷೆ ಕಳಚಲು, ಆರತಿ ಎತ್ತಲು 1969ರಲ್ಲಿ ರೋಮ್ ಭಾರತದ ಧರ್ಮಸಭೆಗೆ ವಿಧಿವತ್ತಾಗಿ ಅನುಮತಿ ಕೊಟ್ಟಿತು. ಬೈಬಲ್, ಧರ್ಮಬೋಧನೆ ಮತ್ತು ಆರಾಧನೆಗಳ ರಾಷ್ಟ್ರೀಯ ಕೇಂದ್ರವಾದ ಬೆಂಗಳೂರಿನ ಎನ್‌ಬಿಸಿಎಲ್‌ಸಿಯಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರು ಆ ಬಗೆಯ ಆರಾಧನೆಗೆ ರೂಪ ಕೊಟ್ಟರು. ಅಜ್ಜಿಗೆ ಇದು ಯಾವುದೂ ಗೊತ್ತಿರಲಿಲ್ಲ. ದೇವರ ಮುಂದೆ ಎತ್ತರದಲ್ಲಿ ಕೂರಬಾರದೆಂಬುದಷ್ಟೇ ಆಕೆಯ ತಿಳಿವಳಿಕೆ. ಮೊಣಕಾಲು ನೋವಿರುವ ಹಿರಿಯರಿಗೆ ಬೆಂಚು ದೊಡ್ಡ ಉಪಕಾರವೆಂಬುದನ್ನು ಈಗ ನನ್ನ ವಯಸ್ಸೇ ನನಗೆ ಹೇಳುತ್ತಿದೆ. ಆದರೂ ಬೆಂಚಿನ ತುದಿಯನ್ನು ಹಿಡಿದು ಕುಳಿತು, ಬಂದವರನ್ನು ತನ್ನನ್ನು ದಾಟಿಕೊಂಡು ಒಳಗೆ ಹೋಗಲು ಬಿಡುವವರನ್ನು ಕಂಡಾಗ ಚಾಪೆ ನೆನಪಾಗುತ್ತದೆ. ಆ ತುದಿಯಲ್ಲಿ ಎಷ್ಟೋ ಸಲ ಕುಳಿತವನು ನಾನೇ.

ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡಲು ಎಲ್ಲರೂ ಜಾಗ ಬಿಟ್ಟು ನಡೆಯುತ್ತಾರೆ. ಶನಿವಾರ ರಾತ್ರಿ ಪಾಸ್ಖ (ಈಸ್ಟರ್) ಜಾಗರಣೆಯ ಬೆಂಕಿಯನ್ನು ಅಂಗಳದಲ್ಲಿ ಹೊತ್ತಿಸಿದಾಗ ಮುಂದಿನ ಸಾಲೂ ಇರುವುದಿಲ್ಲ, ಹಿಂದಿನದೂ ಇರುವುದಿಲ್ಲ. ಕಳೆದ ವರ್ಷ ಆ ಬೆಂಕಿಯ ಸುತ್ತ, ಹೆಸರು ತಿಳಿಯದವರ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿದ್ದೆ. ಪಾಸ್ಖದ ಮಹಾಬತ್ತಿಯ ಹಿಂದೆ ಕತ್ತಲೆಯ ದೇವಾಲಯವನ್ನು ಹೊಕ್ಕೆವು, ಒಬ್ಬರ ಬತ್ತಿಯಿಂದ ಒಬ್ಬರು ಬೆಳಕು ಪಡೆದೆವು. ಆ ಬೆಳಕಿನಲ್ಲಿ ಎಲ್ಲರೂ ತಮ್ಮ ತಮ್ಮ ಹಳೆಯ ಜಾಗಗಳನ್ನೇ ಹುಡುಕುತ್ತಿದ್ದರು. ನಾನೂ ನನ್ನ ಕಂಬದ ಪಕ್ಕದ ಬೆಂಚಿಗೆ ಹೋದೆ. ತುದಿಯಲ್ಲಿ ಆಗಲೇ ಯಾರೋ ಕುಳಿತಿದ್ದರು. ಅವರು ಒಳಗೆ ಸರಿದು ನನಗೆ ಜಾಗ ಕೊಟ್ಟರು.